ನಾಲ್ಕು ಅಂಕದ ಪ್ರಶ್ನೆ

ಬಲಿಷ್ಠರು ದುರ್ಬಲರಿಗೆ ಸೋತದ್ದೇಕೆ? ಕಾರಣ ಬರೆಯಿರಿ.
ಪ್ರಶ್ನೆ ನನ್ನದೇ. ಉತ್ತರ ಪುಸ್ತಕದಲ್ಲಿದೆ:
ಒಡಕು, ಅಹಂಕಾರ, ದೂರದ ದಾರಿ, ಮದ್ದಿನ ಕೊರತೆ.
ಮೂವತ್ತೊಂದು ಮಕ್ಕಳು ಅದನ್ನೇ ಇಳಿಸಿದ್ದಾರೆ,
ಅಹಂಕಾರಕ್ಕೆ ಮಾತ್ರ ಮೂರು ಬಗೆಯ ಕಾಗುಣಿತ.

ಕೊನೆಯದು ತದಡಿಯ ಶೇವಂತಿ ಹರಿಕಂತ್ರಳದು.
ಹಾಳೆಯ ಮೂಲೆಗೆ ಮೀನಿನ ಹುರುಪೆಯೊಂದು ಅಂಟಿದೆ.

‘ನಮ್ಮಜ್ಜಿಯ ಅಜ್ಜಿ ಹೇಳಿದ್ದು’ ಎಂದು ಶುರು.
‘ಹಡಗು ಬಂತು. ಅದರ ಹೊಟ್ಟೆಗೆ ಎರಡಾಳು ನೀರು ಬೇಕು,
ನಮ್ಮ ಪಾತಿಗೆ ಮೊಣಕಾಲುದ್ದ ಸಾಕು.
ಅವರಲ್ಲಿ ತೋಪು ಇಪ್ಪತ್ತು.
ನಮ್ಮಲ್ಲಿ ಗಾಳ, ಬೀಸುಬಲೆ, ಒಂದು ಮುದಿ ನಾಯಿ.
ಎಣಿಸಿದರು, ನಕ್ಕರು.

ರಾತ್ರಿ ಅಳಿವೆಯಲ್ಲಿ ದಾರಿ ತೋರುವ ಗಳವನ್ನು
ಯಾರೋ ಕಿತ್ತು ಇಪ್ಪತ್ತು ಮಾರು ತೆಂಕಕ್ಕೆ ನೆಟ್ಟರು.
ಅಷ್ಟೇ. ಮನೆಗೆ ಹೋಗಿ ಗಂಜಿ ಉಂಡರು.
ಅಮಾಸೆಯ ಭರತದಲ್ಲಿ ಹಡಗು ಒಳಬಂತು,
ಇಳಿತ ಉಳಿದದ್ದನ್ನು ಮಾಡಿತು.
ವಾಲಿದ ಹಡಗಿನ ತೋಪುಗಳು
ಒಂದು ಮಗ್ಗುಲಿನವು ಆಕಾಶ ನೋಡಿದವು,
ಇನ್ನೊಂದು ಮಗ್ಗುಲಿನವು ಏಡಿಯ ಬಿಲ.’

ಇಲ್ಲಿಗೆ ನಿಲ್ಲಿಸಿದ್ದರೆ ನಾಲ್ಕಕ್ಕೆ ನಾಲ್ಕು.
ಹುಡುಗಿ ಹಾಳೆ ತಿರುಗಿಸಿದ್ದಾಳೆ:

‘ಮರುವರ್ಷ ಅವರು ಸಣ್ಣ ದೋಣಿಗಳಲ್ಲಿ ಬಂದರು.
ನಮ್ಮವನೇ ಒಬ್ಬ ಮುಂದೆ ಕೂತು ದಾರಿ ತೋರಿದ.
ಅವನ ಹೆಸರು ಅಜ್ಜಿಗೆ ಗೊತ್ತು. ನನಗೂ ಗೊತ್ತು.
ಬರೆಯುವುದಿಲ್ಲ. ಅವರ ಮನೆಗೂ ನಮ್ಮ ಮನೆಗೂ
ಈಗಲೂ ಕೊಟ್ಟು ತರುವುದಿದೆ.’

ಕೆಂಪು ಪೆನ್ನಿನ ಮಸಿ ಒಣಗಿತು.
ಗೆದ್ದದ್ದು ಒಂದು ವರ್ಷ. ಒಂದು ವರ್ಷಕ್ಕೆ ಎಷ್ಟು ಅಂಕ?

ಭಾನುವಾರ ಅಘನಾಶಿನಿಯ ದಂಡೆಗೆ ಹೋದೆ, ಇಳಿತದ ಹೊತ್ತು.
ದೂರದಲ್ಲಿ ಹೆಂಗಸರು ಬಾಗಿ ಬಳಚು ಹೆಕ್ಕುತ್ತಿದ್ದರು,
ನೆಲವೇನೋ ಗಟ್ಟಿಯಿದೆ ಎನ್ನುವ ಹಾಗೆ.
ಚಪ್ಪಲಿಯಲ್ಲೇ ಎರಡು ಹೆಜ್ಜೆ ಇಟ್ಟೆ.
ಮೂರನೆಯದು ಮೊಣಕಾಲಿನ ತನಕ ಹೋಯಿತು.
ಒದ್ದೆ. ಒದ್ದಷ್ಟೂ ಇಳಿದೆ.

‘ಅಕ್ಕೋರೇ, ಒದೀಬೇಡಿ!’ ಬುಟ್ಟಿ ಬಿಟ್ಟು ಓಡಿಬಂದಳು ಶೇವಂತಿ,
ಓಡಿದರೂ ಹೂತುಹೋಗದ ಕಾಲು.
‘ಕೂತ್ಕಂಡ್ಬಿಡಿ. ಸೀರೆ ಹಾಳಾದ್ರೆ ಆಗ್ಲಿ.’

ಕೂತೆ, ಇಪ್ಪತ್ತಾರು ವರ್ಷ ಇತಿಹಾಸ ಕಲಿಸಿದವಳು.
ಕೆಸರು ಕಾಲನ್ನು ವಾಪಸು ಕೊಟ್ಟಿತು,
ಎಡಗಾಲಿನ ಚಪ್ಪಲಿ ಇಟ್ಟುಕೊಂಡಿತು.
ಹೆಂಗಸರು ನಕ್ಕರು. ಅವರೂ ಎಣಿಸಿಯೇ ನಕ್ಕಿರಬೇಕು.

ರಾತ್ರಿ ಮೂರೂವರೆ ಎಂದು ಬರೆದೆ.
ಅರ್ಧ ಕಳೆದದ್ದು ಆ ಹೆಸರು ಬರೆಯದ್ದಕ್ಕೆ.
ಆಮೇಲೆ ಹೊಡೆದುಹಾಕಿ ನಾಲ್ಕು ಮಾಡಿದೆ,
ಅದಕ್ಕೇ.