ಅರಬ್ಬಿಯ ಐದು

ಎರಡು ದಿನ ಉಪವಾಸ ಕೆಡವಿದ್ದೆವು ಅವಕ್ಕೆ,
ದಾರಿಯಲ್ಲಿ ನೀರು ಹೊಲಸಾಗದಿರಲೆಂದು.
ಮನಾಮದ ಅಂಗಡಿಯ ಮಲಯಾಳಿ ಹೇಳಿಕೊಟ್ಟ ಉಪಾಯ:
ಚೀಲದಲ್ಲಿ ಒಂದು ಪಾಲು ನೀರು, ಎರಡು ಪಾಲು ಗಾಳಿ,
ಮೂಲೆಗಳಿಗೆ ರಬ್ಬರು ಬಿಗಿದು ದುಂಡಗೆ ಮಾಡಿ.
ಮೂಲೆಯಿದ್ದರೆ ಮೀನು ಅಲ್ಲೇ ಸಿಕ್ಕಿ ಸಾಯುತ್ತದಂತೆ.

ಸೋಫಾ ಮಾರಿದೆವು. ಫ್ರಿಜ್ಜು, ಮಂಚ.
ಹೊಲಿಗೆ ಯಂತ್ರ ಕೆಳಮನೆಯ ಫಿಲಿಪಿನೋ ಹೆಂಗಸಿಗೆ.
ಮೀನು ಬಿಟ್ಟು ಬರಲಾರೆನೆಂದು ಕೂತಳು ತನ್ಮಯಿ,
ಹನ್ನೊಂದು ವರ್ಷಕ್ಕೇ ಅಪ್ಪನ ಹಟ.
ಅಂಕೋಲೆಯಿಂದ ಅವ್ವಿ ಫೋನಿನಲ್ಲಿ ನಕ್ಕಳು:
"ಸಾರಿಗಾಗದ ಮೀನಿಗೆ ಸರ್ಟಿಫಿಕೇಟೇ?"

ಹೌದು, ಸರ್ಟಿಫಿಕೇಟೇ.
ಪಶುವೈದ್ಯ ದಿನಾರು ಎಣಿಸಿಕೊಂಡು, ಕನ್ನಡಕ ಏರಿಸಿ,
ಗಾಜಿನಾಚೆಯಿಂದ ನೋಡಿ ಬರೆದ:
ಗಪ್ಪಿ. ಸಂಖ್ಯೆ ಐದು. ಆರೋಗ್ಯವಾಗಿವೆ.
ಅರಬ್ಬಿಯ ಐದು ನಮ್ಮ ಸೊನ್ನೆಯ ಹಾಗೆಯೇ ಇರುತ್ತದೆ.
ಹೊಟ್ಟೆ ಉಬ್ಬಿದ ಒಂದರ ಬಗ್ಗೆ ಅವನು ಕೇಳಲಿಲ್ಲ,
ನಾನೂ ಹೇಳಲಿಲ್ಲ.

ಜುಲೈ. ಸೇತುವೆಯ ಎರಡೂ ಬದಿ ಕಡಲು
ಕಾದ ಕಾವಲಿಯ ಎಣ್ಣೆಯಂತೆ ಮಿನುಗುತ್ತಿತ್ತು.
ಥರ್ಮೋಕೋಲು ಪೆಟ್ಟಿಗೆ ನನ್ನ ತೊಡೆಯ ಮೇಲೆ,
ಏಸಿಯ ಗಾಳಿ ನನ್ನ ಮುಖಕ್ಕಲ್ಲ, ಅದಕ್ಕೆ.
ಉಪ್ಪಿನಾಗರದ ಬದಿಗೆ ಬೆಳೆದವಳು ನಾನು, ಗೊತ್ತು,
ನೀರೆಲ್ಲ ನೀರಲ್ಲ.
ಬೊಮ್ಮಯ್ಯ ಮಾತಿಲ್ಲದೆ ಓಡಿಸುತ್ತಿದ್ದ.
ದಮ್ಮಾಮಿನ ಗೋದಾಮು, ಹೊಸ ಇಕಾಮ, ಹಳೆಯ ಬೆನ್ನುನೋವು.

ನಡುದ್ವೀಪದಲ್ಲಿ ಸಾಲು ನಿಂತಿತು.
ಒಂದು ಕಿಟಕಿ, ಮತ್ತೊಂದು ಕಿಟಕಿ, ಬೆರಳಚ್ಚು, ಮುದ್ರೆ.
ಮೂರನೆಯದಕ್ಕೆ ಕಾಯುತ್ತಿದ್ದಾಗ ತನ್ಮಯಿ ಮುಚ್ಚಳ ಎತ್ತಿ
"ಅಮ್ಮ, ನೀರಿನಲ್ಲಿ ರೆಪ್ಪೆಕೂದಲು" ಅಂದಳು.

ರೆಪ್ಪೆಕೂದಲಿಗೆ ಕಣ್ಣುಗಳಿದ್ದವು.
ಬಿದ್ದ ಗಳಿಗೆಯಲ್ಲೇ ಓಡಾಟ.
ಮೀನಿನ ಮರಿಗೆ ಈಜು ಕಲಿಸಬೇಕೆ, ಸರಿ,
ಎಣಿಕೆಗೆ ಸಿಗದಿರುವುದನ್ನು ಯಾರು ಕಲಿಸಿದರೋ.
ಏಳು, ಅಲ್ಲ, ಒಂಬತ್ತು,
ತಾಳು, ಅದು ಆಗಲೇ ಎಣಿಸಿದ್ದು.

ಕಸ್ಟಮ್ಸಿನ ಹುಡುಗ (ಹುಡುಗನೇ, ಮೀಸೆ ಈಗಷ್ಟೇ)
ಚೀಲ ಎತ್ತಿ ಬೆಳಕಿಗೆ ಹಿಡಿದ.
ಕಾಗದ ನೋಡಿದ. ಚೀಲ ನೋಡಿದ.
"ಖಮ್ಸಾ?"
"ಖಮ್ಸಾ" ಅಂದ ಬೊಮ್ಮಯ್ಯ, ಗಂಟಲೊಣಗಿ.
ನಾನು ತನ್ಮಯಿಯ ಕೈ ಅದುಮಿದೆ.
ಅವಳೂ ಮನಾಮದಲ್ಲೇ ಹುಟ್ಟಿದವಳು,
ಪಾಸ್‌ಪೋರ್ಟಿನಲ್ಲಿ ಆ ಊರ ಹೆಸರಿದೆ
ಅಷ್ಟೇ, ಹೆಸರು.
ಅದುಮಿದ್ದು ತಿಳಿಯದೆ, ಶಾಲೆಯ ಶುದ್ಧ ಅರಬ್ಬಿಯಲ್ಲಿ
"ಮರಿ ಹಾಕಿದೆ, ಈಗಲೇ, ಇಲ್ಲೇ" ಅಂದುಬಿಟ್ಟಳು.

ಅವನು ನಗಲಿಲ್ಲ. ಒಳಗಿನಿಂದ ಯಾರನ್ನೋ ಕರೆದ.
ನರೆಗಡ್ಡದವನೊಬ್ಬ ಬಂದು, ಚೀಲಕ್ಕೆ ಮೂಗು ತಾಗಿಸಿ,
ತುಟಿಯಲ್ಲೇ ಎಣಿಸತೊಡಗಿ, ತಪ್ಪಿ, ಮತ್ತೆ ಮೊದಲಿಂದ
ತೊಡಗಿ, ಮತ್ತೆ ತಪ್ಪಿ...
ಹಿಂದಿನ ಕಾರು ಹಾರ್ನು ಹೊಡೆಯಿತು.
ಮುದ್ರೆ ಬಿತ್ತು, ಆ ಸೊನ್ನೆಯಂಥ ಐದರ ಮೇಲೇ.
"ಯಲ್ಲಾ" ಅಂದ, ಮೀನಿಗೋ ನಮಗೋ.

ಖೋಬರಿನ ಮನೆಯಲ್ಲಿ ಬಲ್ಬು ಇನ್ನೂ ಹಾಕಿರಲಿಲ್ಲ.
ಬಕೆಟ್ಟಿನಲ್ಲಿ ಚೀಲ ತೇಲಬಿಟ್ಟು, ಗಳಿಗೆಗೊಮ್ಮೆ
ಒಂದು ಲೋಟ ಈ ಊರ ನೀರು ಆ ಊರ ನೀರಿಗೆ.
ಆತುರ ಮಾಡಬಾರದು. ಒಗ್ಗಬೇಕು.
ಬರಿನೆಲದ ಮೇಲೆ ಅದರ ಸುತ್ತ ಮಲಗಿದೆವು ಮೂವರೂ.

ಬೆಳಗಿಗೆ ಮರಿಗಳು ನಾಲ್ಕೇ.
ತಿಂದದ್ದು ತಾಯಿಯೋ, ಉಳಿದವೋ.
ಉಪವಾಸ ಕೆಡವಿದ್ದು ಮಾತ್ರ ನಾವು.
ತನ್ಮಯಿಗೆ ಇನ್ನೂ ಹೇಳಿಲ್ಲ,
ಟಾರ್ಚು ಹಾಕಿ ಬಕೆಟ್ಟಿನ ತಳ ಹುಡುಕುತ್ತಿದ್ದಾಳೆ.
ಹೊರಗೆ ಕಾರು ಚಾಲೂ ಆದ ಸದ್ದು,
ಬೊಮ್ಮಯ್ಯ, ಮೊದಲ ದಿನದ ಪಾಳಿಗೆ.