ಗುಂಡಿ ಹೊಲಿಯುವ ಸೀನು

ಕೂಡ್ಲೂರಿನ ಕ್ಯೂರಿಂಗ್ ಶೆಡ್ಡಿನಲ್ಲಿ
ನಾವು ಹದಿನಾರು ಮಂದಿ.
ಮುಂದೆ ಉದ್ದದ ಮೇಜು, ಮೇಜಿನ ತುಂಬ ಕಾಫಿಬೀಜ.
ಕಪ್ಪು ಒಂದು ಕಡೆ, ಒಡಕು ಒಂದು ಕಡೆ,
ಹುಳ ತಿಂದದ್ದು ಕಾಲಬುಡದ ಡಬ್ಬಕ್ಕೆ.
ಬೆರಳಿಗೆ ಕೆಲಸ ಗೊತ್ತು, ಕಣ್ಣಿಗೂ ಗೊತ್ತು;
ಬಾಯಿಗೆ ಮಾತ್ರ ಸಂಬಳವಿಲ್ಲ,
ಹಾಗಾಗಿ ಅದು ಸಿನಿಮಾ ಹೇಳುತ್ತದೆ.

ಯುಗಾದಿ ಕಳೆದ ಭಾನುವಾರ ಟೆಂಪೋ ಮಾಡಿಕೊಂಡು
ಮೈಸೂರಿಗೆ ಹೋಗಿ ನೋಡಿಬಂದರು.
ನಾನು ಹೋಗಲಿಲ್ಲ.
ಎರಡು ಕಂಬಳಿ ಒಗೆದೆ,
ಒಗೆಯುವ ಕಲ್ಲಿನ ಮೇಲೇ ಕೂತು
ಮಾವಿನಕಾಯಿಗೆ ಉಪ್ಪು ಹಚ್ಚಿ ತಿಂದೆ.
ಒಳ್ಳೆಯ ಭಾನುವಾರ.

ಸೋಮವಾರದಿಂದ ಶುರು:
"ಅಯ್ಯೋ, ಕುಸುಮಾವತಿ ನೋಡಿಲ್ವಂತೆ!"
ಮೂಟೆ ಹೊರುವ ಹುಡುಗರಿಗೂ ಗೊತ್ತಾಯಿತು,
ತೂಕದ ರೈಟರಿಗೂ.
ಗೇಟಿನ ಉತ್ತಯ್ಯ ಚೀಟಿ ನೋಡುವ ಮೊದಲೇ
"ಇನ್ನೂ ಇಲ್ವಾ?" ಅಂದ.

ಕಾರಣ ಅವರೇ ಹುಡುಕಿಕೊಟ್ಟರು.
ದುಡ್ಡಿಲ್ಲ ಅಂದಳು ಸೆಲಿನ್, ಪಾಪ ಎಂಬ ದನಿಯಲ್ಲಿ.
ಕತ್ತಲಲ್ಲಿ ತಲೆ ಸುತ್ತುತ್ತದೇನೋ ಅಂದಳು ಜಮೀಲಾ.
ಯಾರೋ ಹರಕೆ ಅಂದರು.
ಮೇಸ್ತ್ರಿ ದೇಚಮ್ಮ ಕನ್ನಡಕ ಮೂಗಿಗಿಳಿಸಿ
"ಅವಳಿಗೆ ಜಂಬ" ಅಂದರು.
ಕಾರಣವೇ ಇರಲಿಲ್ಲ. ಹೋಗಬೇಕೆನಿಸಲಿಲ್ಲ, ಅಷ್ಟೆ.
ಆದರೆ ಬರಿಯ ಒಂದು 'ಅಷ್ಟೆ'ಯನ್ನು
ಹದಿನೈದು ಜನರ ಮುಂದೆ
ಎಷ್ಟು ದಿನ ಹಿಡಿದುಕೊಂಡಿರುವುದು?

ಅವರು ನಗುವ ಜಾಗ ನನಗೆ ತಿಳಿಯದು.
ಒಬ್ಬಳು ಅರ್ಧ ಡೈಲಾಗು ಎಸೆದರೆ ಸಾಕು,
ಹದಿನಾಲ್ಕು ಮಂದಿ ಬಿದ್ದು ಬಿದ್ದು ನಗುವರು;
ನಾನು ಒಂದು ಗಳಿಗೆ ತಡವಾಗಿ,
ಮದುವೆಮನೆಯಲ್ಲಿ ಭಾಷೆ ಬಾರದ ನೆಂಟಳ ಹಾಗೆ.

ಹನ್ನೊಂದನೆಯ ದಿನ
ಪಕ್ಕದ ಮನೆ ಹುಡುಗನ ಫೋನಿನಲ್ಲಿ ನೋಡಿದೆ
ಅಂದುಬಿಟ್ಟೆ.
ಆರಿಸುವ ಕೈಗಳೆಲ್ಲ ನಿಂತವು.
"ಯಾವ ಸೀನ್ ಇಷ್ಟ ಆಯ್ತು?"

"ಆ ತಾಯಿ," ಅಂದೆ,
ಸಿನಿಮಾದಲ್ಲಿ ತಾಯಿ ಇದ್ದೇ ಇರುತ್ತಾಳೆಂಬ ಧೈರ್ಯದಲ್ಲಿ.
"ಮಗ ಹೊರಡುವಾಗ ಷರ್ಟಿನ ಗುಂಡಿ ಹೊಲಿತಾಳಲ್ಲ.
ಮೈಮೇಲಿದ್ದಾಗ ಹೊಲಿಯಬಾರದು ಅಂತ ಹೇಳ್ಕೊಂಡೇ ಹೊಲಿತಾಳೆ.
ದಾರ ಹಲ್ಲಲ್ಲಿ ಕಚ್ಚೋಕೆ ಬಗ್ಗಿದಾಗ
ಹಣೆ ಅವನ ಎದೆಗೆ ತಾಗುತ್ತೆ.
ದಾರ ತುಂಡಾದ ಮೇಲೂ ತಲೆ ಎತ್ತಲ್ಲ. ಅದು."

ಎಲ್ಲಿಂದ ಬಂತೋ. ಸುಂಟಿಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ
ಎಂದೋ ಕಂಡದ್ದಿರಬೇಕು.

ಜಮೀಲಾ ಶಾಲಿನ ತುದಿಗೆ ಕಣ್ಣೊತ್ತಿಕೊಂಡಳು.
"ನಾನೂ ಅಲ್ಲೇ ಅತ್ತದ್ದು."
ಸೆಲಿನ್‌ಗೆ ಗುಂಡಿಯ ಬಣ್ಣವೂ ನೆನಪಿತ್ತು: ಬಿಳಿ.
ದೇಚಮ್ಮ ತಿದ್ದಿದರು,
"ಬಿಳಿ ಎಲ್ಲಿ? ಹಳದಿ. ಬೇರೆ ಷರ್ಟಿನದ್ದು ಕಿತ್ತು ಹಾಕಿದ್ದಲ್ವಾ."
ಆ ವಾರವಿಡೀ ನನಗೆ
ಚಹಾದ ಜೊತೆ ಒಂದು ಬನ್ನು ಹೆಚ್ಚು.

ಗೌರಿ ಹಬ್ಬದ ರಜೆಗೆ ಅದು ಟಿವಿಯಲ್ಲಿ ಬಂತು.
ಜಮೀಲಾಳ ಮನೆಯಲ್ಲಿ, ನೆಲದ ಮೇಲೆ,
ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತೆವು.
ನನಗೆ ಗಂಟಲು ಒಣಗಿ ಬಂತು.
ತಾಯಿ ಬಂದಳು. ಮಗ ಹೊರಟ.
ಬಾಗಿಲ ತನಕ ಬಂದಳು, ಕೈಯಲ್ಲಿ ಸೂಜಿಯಿಲ್ಲ.
ಒಂದು ಹಾಡು, ಒಂದು ಬೈಕು,
ಮಗ ಹೋಗಿಯೇಬಿಟ್ಟ.

ಯಾರೂ ನನ್ನ ಕಡೆ ನೋಡಲಿಲ್ಲ.
ಸ್ವಲ್ಪ ಹೊತ್ತಿನ ಮೇಲೆ ದೇಚಮ್ಮ ಹಲ್ಲು ಕಡಿದರು:
"ಕತ್ತರಿಸಿಬಿಟ್ಟಿದ್ದಾರೆ ನೋಡು, ದರಿದ್ರದವರು,
ಸೋಪಿನ ಜಾಹೀರಾತಿಗೆ ಜಾಗ ಬೇಕಲ್ಲ."
"ಅದಿಲ್ಲದೆ ಏನಿದೆ ಇದರಲ್ಲಿ," ಅಂದಳು ಸೆಲಿನ್,
ಎದ್ದು ತಟ್ಟೆ ತೊಳೆಯಲು ಹೋದಳು.

ಎಲ್ಲರಿಗಿಂತ ಹೆಚ್ಚು ಸಿಟ್ಟು ಬಂದದ್ದು ನನಗೆ.
ಹಾರಂಗಿ ಕಾಲುವೆಯ ಏರಿಯುದ್ದಕ್ಕೂ
ಟಿವಿಯವರನ್ನು ಬೈಯುತ್ತಲೇ
ಮನೆ ಮುಟ್ಟಿದೆ.