ಖಾಯಂ ಪ್ರಯಾಣಿಕರು

ಹಾಸನ–ಅರಸೀಕೆರೆ, ದಿನಕ್ಕೆ ಆರು ಟ್ರಿಪ್ಪು.
ಯಾವ ಸ್ಟಾಪಿನಲ್ಲಿ ಕಕ್ಕಸು, ಯಾವುದಕ್ಕೆ ಚಿಲಕವಿಲ್ಲ,
ಕಂಡಕ್ಟರನಿಗೆ ಬಾಯಿಪಾಠ. ಹೊಟ್ಟೆ ಕಲಿಸಿದ್ದು.

"ಹೊರಗಿನವಲ್ಲ ಕಣ್ರೀ," ಅಂದರು ಡಾಕ್ಟರು,
"ಹುಟ್ಟಿದಾಗಿನಿಂದ ನಿಮ್ಮ ಕರುಳಲ್ಲೇ ಇದ್ದವು,
ಸೊಪ್ಪಿನ ನಾರು ಅರಗಿಸಿಕೊಟ್ಟವು.
ಗೋಡೆ ಸವೆದಿದೆ. ಒಂದೆರಡು ಈಚೆ ಇಣುಕಿದ್ದಕ್ಕೆ
ನಿಮ್ಮ ಕಾವಲಿನವರೇ ಕೇರಿಗೆ ಬೆಂಕಿ ಇಟ್ಟಿದ್ದಾರೆ."

ಚೀಟಿ ಮಡಚಿ ಜೇಬಿಗಿಟ್ಟೆ.
ನೆನಪಾದದ್ದು ದುದ್ದದ ಪುಟ್ಟಸಿದ್ದಮ್ಮ:
ಹನ್ನೊಂದು ವರ್ಷ ಅದೇ ಸೀಟು, ಅದೇ ಮೊಸರಿನ ಕ್ಯಾನು.
ಒಂದು ದಿನ ಮುಚ್ಚಳ ಸಡಿಲಾಗಿ
ಎರಡು ಹನಿ ನೆಲಕ್ಕೆ ಬಿದ್ದದ್ದೇ
ವಿಸಿಲ್ ಊದಿ, ಕೂಗಾಡಿ, ಬಯಲಲ್ಲಿ ಇಳಿಸಿದ್ದೆ.
ಆಮೇಲೆ ಅರಸೀಕೆರೆವರೆಗೂ ಯಾರೂ ಚಿಲ್ಲರೆ ಕೊಡಲಿಲ್ಲ.

ಈಗ ರಾತ್ರಿ ಡಿಪೋದಲ್ಲಿ ಮಾತ್ರೆ ನುಂಗುತ್ತೇನೆ.
ಅದು ಕಾವಲಿನವರಿಗೆ.
ಉಳಿದವರಿಗೆ ನಾನೇ ಹೇಳುತ್ತೇನೆ, ಮೆತ್ತಗೆ:
ಕೂತ್ಕೊಳ್ರಪ್ಪ ನಿಮ್ಮ ನಿಮ್ಮ ಜಾಗದಲ್ಲಿ,
ಯಾರನ್ನೂ ಇಳಿಸಲ್ಲ.